ಐದು ಡ್ಯಾನ್ಸ್ ಪ್ಯಾಕೇಜಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

(1/3)

ಮೊದಲು ನನ್ನ ತಪ್ಪು ಒಪ್ಕೊಂಡ್ಬಿಡ್ತೀನಿ. ಹೋದ ವರ್ಷ ಮೈಸೂರಿನ ಒಂದು ಡ್ಯಾನ್ಸ್ ಕ್ಲಾಸಿಗೆ ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದೆ. ₹6,000. ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡು. ಸಾಲ್ಸಾ, ಬಚಾಟಾ, ಚಾ ಚಾ ಚಾ, ಜೈವ್, ವಾಲ್ಟ್ಜ್, ಐದೂ ಕಲಿಸ್ತೀವಿ ಅಂದ್ರು. ಐದು ಡ್ಯಾನ್ಸಿಗೆ ಆರು ಸಾವಿರ, ಅಂದ್ರೆ ಒಂದಕ್ಕೆ ಸಾವಿರದ ಇನ್ನೂರು, ಲಾಭ ಅಲ್ವಾ ಅನ್ಕೊಂಡೆ. ಬಿಕಾಂ ಓದೋಳು ಲೆಕ್ಕ ತಪ್ಪಿದ್ದು ಅಲ್ಲೇ.

ಒಟ್ಟು 24 ಕ್ಲಾಸು. ಒಂದು ಡ್ಯಾನ್ಸಿಗೆ ಐದು ಕ್ಲಾಸೂ ಸರಿಯಾಗಿ ಸಿಗಲಿಲ್ಲ. ಸಾಲ್ಸಾದಲ್ಲಿ ಕಾಲು ಕೂರೋ ಹೊತ್ತಿಗೆ ಬಚಾಟಾ, ಅದು ಅರ್ಥ ಆಗೋ ಹೊತ್ತಿಗೆ ಚಾ ಚಾ ಚಾ. ಕೊನೆಗೆ ನನಗೆ ಬಂದಿದ್ದು ಒಂದೇ ಹಾಡಿಗೆ, ಒಬ್ಬನೇ ಪಾರ್ಟ್ನರ್ ಜೊತೆ ಬಾಯಿಪಾಠ ಮಾಡಿದ್ದ ಸ್ಟೆಪ್ಪು.

ಕಾಲೇಜ್ ಫೆಸ್ಟಿಗೆ ಬೇರೆ ಹುಡುಗನ ಜೊತೆ ಪ್ರಾಕ್ಟೀಸ್. ಅವನು ಕೈ ಎತ್ತಿದ, ನಾನು ಗಿರ್ರಂತ ತಿರುಗಿದೆ. ಅವನು ಕೈ ಎತ್ತಿದ್ದು ಕೂದಲು ಸರಿ ಮಾಡ್ಕೊಳ್ಳೋಕೆ.

ನಗಬೇಡಿ. ನಿಮಗೂ ಹೀಗಾಗದೇ ಇರಲಿ ಅಂತಾನೇ ಬರೀತಿರೋದು.

(2/3)

ನನ್ನ ಅಭಿಪ್ರಾಯ ಇಷ್ಟೇ: ಹೊಸಬರು ಮೊದಲು ಒಂದೇ ಒಂದು ಜೋಡಿ ಡ್ಯಾನ್ಸು ಹಿಡೀಬೇಕು. ಪರಿಚಯ ಇಲ್ಲದ ಪಾರ್ಟ್ನರ್ ಜೊತೆ, ಕೇಳದೇ ಇರೋ ಹಾಡಿಗೂ ಕುಣಿಯೋಕೆ ಬರೋವರೆಗೂ ಎರಡನೇದಕ್ಕೆ ಹೋಗಬಾರದು.

ಯಾಕೆ ಗೊತ್ತಾ? ಸಾಲ್ಸಾ ಎಂಟರ ಎಣಿಕೆ, ಸಾಮಾನ್ಯವಾಗಿ ಕ್ಲಾಸಲ್ಲಿ ಮೂರು ಹೆಜ್ಜೆ ಹಾಕಿ ನಾಲ್ಕಕ್ಕೆ ನಿಲ್ಲೋದು, ಮತ್ತೆ ಮೂರು ಹಾಕಿ ಎಂಟಕ್ಕೆ ನಿಲ್ಲೋದು. ಬಚಾಟಾದಲ್ಲಿ ಮೂರು ಹೆಜ್ಜೆ, ನಾಲ್ಕಕ್ಕೆ ಒಂದು ತಟ್ಟು. ವಾಲ್ಟ್ಜ್ ಮೂರರ ಎಣಿಕೆ. ಮೂರನ್ನೂ ಒಂದೇ ತಿಂಗಳಲ್ಲಿ ತುಂಬಿದ್ರೆ ಕಾಲು ಕಲಬೆರಕೆ ಆಗುತ್ತೆ. ಆದ್ರೆ ಒಂದರಲ್ಲಿ ಭಾರ ಯಾವ ಕಾಲಿನ ಮೇಲಿದೆ, ಎದುರಿನವರ ಕೈ ಏನು ಹೇಳ್ತಿದೆ ಅನ್ನೋದು ತಿಳಿದ್ರೆ, ಅದು ಎರಡನೇ ಡ್ಯಾನ್ಸಿಗೂ ಜೊತೆಗೆ ಬರುತ್ತೆ. ಆಮೇಲೆ ಹೊಸದಾಗಿ ಕಲಿಯೋದು ಎಣಿಕೆ ಮತ್ತು ಹೆಜ್ಜೆ ಅಷ್ಟೇ.

ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಕಾಲೇಜ್ ಟೀಮ್‌ಗಳು ಕುಣಿಯೋದು ನೋಡಿದ್ದೀರಲ್ಲ? ಅದು ಕಂಠಪಾಠದ ಡ್ಯಾನ್ಸು, ಚೆನ್ನಾಗೇ ಇರುತ್ತೆ. ಜೋಡಿ ಡ್ಯಾನ್ಸು ಹಾಗಲ್ಲ, ಅದು ಮಾತುಕತೆ ಇದ್ದ ಹಾಗೆ.

ಇದು ನಮಗೆ ಹೊಸದೂ ಅಲ್ಲ. ಕೋಲಾಟ ನೆನಪು ಮಾಡ್ಕೊಳ್ಳಿ. ಎದುರಿಗಿರೋರು ಯಾರೇ ಆಗ್ಲಿ, ಅವರ ಕೋಲಿಗೆ ನಿಮ್ಮ ಕೋಲು ತಾಗಬೇಕು, ತಿರುಗಬೇಕು, ಮುಂದಿನವರ ಹತ್ರ ಹೋಗಬೇಕು. ತಡ ಮಾಡಿದ್ರೆ ಅವರ ಬೆರಳಿಗೆ ಏಟು. ಜಡೆ ಕೋಲಾಟದಲ್ಲಂತೂ ಒಬ್ಬರು ದಾರಿ ತಪ್ಪಿದ್ರೆ ಹೆಣೆದ ಜಡೆ ಪೂರ್ತಿ ಗಂಟು. ಹೈಸ್ಕೂಲಲ್ಲಿ ಕೋಲಾಟ ಆಡಿದ್ದೀರಾ? ಹಾಗಿದ್ರೆ ನೀವು ಸೊನ್ನೆಯಿಂದ ಶುರು ಮಾಡ್ತಿಲ್ಲ.

(3/3)

ಕ್ಲಾಸ್ ಆರಿಸೋದು ಹೇಗೆ? ರೀಲ್ಸ್ ನೋಡಿ ಸೇರಬೇಡಿ. ಹೋಗಿ ಇದನ್ನ ಕೇಳಿ:

ಒಂದು: ಪಾರ್ಟ್ನರ್ ಬದಲಾಯಿಸ್ತಾರಾ? ಕೊನೆವರೆಗೂ ಒಬ್ಬರ ಜೊತೇನೇ ಅಂದ್ರೆ ನನ್ನ ಕತೆಯೇ ನಿಮಗೂ.

ಎರಡು: "ಇವರ ಜೊತೆ ಬೇಡ" ಅಂದ್ರೆ ಕಾರಣ ಕೇಳದೆ ಒಪ್ತಾರಾ? ನಮ್ಮ ಕ್ಲಾಸಲ್ಲಿ ಒಬ್ಬ ಬೇಕಾಗಿರೋದಕ್ಕಿಂತ ಬಿಗಿಯಾಗಿ ಹಿಡ್ಕೊಳ್ತಿದ್ದ. ಹೇಳಿದ್ದಕ್ಕೆ "ಅಡ್ಜಸ್ಟ್ ಮಾಡ್ಕೊಳಮ್ಮ" ಅಂದ್ರು. ಅಂಥ ಕಡೆ ಒಂದು ದಿನಾನೂ ಇರಬೇಡಿ. ಕಟ್ಟಿದ ದುಡ್ಡು ಹೋಯ್ತು ಅಂತ ನಾನು ಇನ್ನೂ ಒಂದು ತಿಂಗಳು ಹೋದೆ. ಸಂಕ್ ಕಾಸ್ಟ್ ಅಂತ ಪರೀಕ್ಷೇಲಿ ಬರೆದಿದ್ದೆ, ಜೀವನದಲ್ಲಿ ಬರೀಲಿಲ್ಲ.

ಮೂರು: ಒಂದು ದಿನ ನೋಡೋಕೆ ಬಿಡ್ತಾರಾ, ತಿಂಗಳು ತಿಂಗಳು ಫೀಸು ತಗೋತಾರಾ?

ನಾಲ್ಕು: ಕ್ಲಾಸ್ ಮುಗಿಯೋದು ಎಷ್ಟು ಹೊತ್ತಿಗೆ? ಮೈಸೂರಿನವರಿಗೆ ಇದು ಪ್ರಶ್ನೆಯೇ ಅಲ್ಲ. ಹುಣಸೂರಿಗೆ 45 ಕಿ.ಮೀ., ಪಿರಿಯಾಪಟ್ಟಣ ಇನ್ನೂ ಮುಂದೆ, ಕೋಟೆ ಕಡೆ ಹಳ್ಳಿಯವರಿಗೆ ಬಸ್ ಇಳಿದ ಮೇಲೂ ದಾರಿ ಇದೆ. ಕೆ.ಆರ್. ನಗರದವರಿಗೆ ರೈಲಾದ್ರೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಫ್ರೀ ನಿಜ, ಆದ್ರೆ ಬಸ್ಸೇ ಇಲ್ಲದ ಹೊತ್ತಿಗೆ ಅದರಿಂದ ಏನು ಬಂತು? ಹುಡುಗರು ಬಸ್ ಚಾರ್ಜನ್ನೂ ಫೀಸಿಗೆ ಸೇರಿಸಿ ಲೆಕ್ಕ ಹಾಕಿ.

ಇನ್ನು ಮನೆ. "ಯಾರ ಜೊತೆ ಕುಣೀತೀಯ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಸುಳ್ಳು ಹೇಳಬೇಡಿ. ನಾನು ಈಗ ಬೇರೆ ಕ್ಲಾಸಲ್ಲಿ ಬರೀ ಸಾಲ್ಸಾ ಕಲೀತಿದ್ದೀನಿ. ಅಲ್ಲಿಗೆ ಅಮ್ಮನ್ನ ಒಂದು ಭಾನುವಾರ ಕರ್ಕೊಂಡು ಹೋದೆ. ಬ್ಯಾಗ್ ತೊಡೆ ಮೇಲಿಟ್ಕೊಂಡು ಹಿಂದೆ ಕೂತಿದ್ರು. ಕೈ ಹಿಡಿದಿದ್ದಕ್ಕೆ ಏನಂತಾರೋ ಅಂತ ವಾಪಸ್ ಬಸ್ಸಲ್ಲಿ ಬಿಳಿಕೆರೆ ಬರೋವರೆಗೂ ಕಾದೆ. ಅವರು ಕೇಳಿದ್ದು: "ಆ ಹುಡುಗ ಅಷ್ಟು ಸಲ ಕಾಲು ತುಳಿದ, ನೀನ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

ಮುಂದಿನ ವಾರ ಅವನಿಗೆ ಹೇಳಿದೆ. ಅವನು ಸಾರಿ ಕೇಳಿ ಹೆಜ್ಜೆ ಚಿಕ್ಕದು ಮಾಡ್ಕೊಂಡ. ಇಬ್ಬರಿಗೂ ಸುಲಭ ಆಯ್ತು.

ನಿಮ್ಮೂರಲ್ಲಿ ಕೋಲಾಟ ಕಲಿಸೋರು ಇದ್ದಾರಾ? ಊರಿನ ಹೆಸರು ಕಮೆಂಟ್ ಮಾಡಿ. ಅಲ್ಲಿಂದ ಶುರು ಮಾಡೋಣ, ಫೀಸೂ ಉಳಿಯುತ್ತೆ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಕೋಲಾಟ #ಸಾಲ್ಸಾ