ಓಡದ ಕಾರನ್ನು ಎತ್ತಿಡೋದೂ ಎಂಜಿನಿಯರಿಂಗೇ

ಪ್ರತಿ ವರ್ಷ ಇದೇ ಹೊತ್ತಿಗೆ ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತೆ. ಸ್ಪರ್ಧೆ ಮುಗೀತು, ಇಂಜಿನ್ ಸ್ಟಾರ್ಟ್ ಆಗ್ತಿಲ್ಲ, ಫೈನಲ್ ಇಯರಿನವರು ಹೊರಡೋಕೆ ರೆಡಿಯಾಗಿದ್ದಾರೆ. ವರ್ಕ್‌ಶಾಪಿನ ಹಿಂದೆ ನಿಂತಿರುವ ರೇಸ್ ಕಾರನ್ನು ಏನು ಮಾಡೋದು? "ಒಂದು ಟಾರ್ಪಾಲ್ ಮುಚ್ಚಿ ಬಿಡ್ರೋ, ಮುಂದಿನ ವರ್ಷ ನೋಡ್ಕೊಂಡ್ರಾಯ್ತು" ಅನ್ನೋದು ಸಾಮಾನ್ಯವಾಗಿ ಸಿಗುವ ಉತ್ತರ. ಆ ಮುಂದಿನ ವರ್ಷ ಬರುವ ಹೊತ್ತಿಗೆ ಕಾರು ಗುಜರಿಯವನ ತಕ್ಕಡಿಗೆ ಹತ್ತಿರವಾಗಿರುತ್ತೆ.

ನಮ್ಮ ಅಭಿಪ್ರಾಯ ಇಷ್ಟೇ. ಕಾರು ಕಟ್ಟೋದು, ಓಡಿಸೋದು ಎಷ್ಟು ಎಂಜಿನಿಯರಿಂಗೋ, ಓಡದ ಕಾರನ್ನು ಕೆಡದಂತೆ ಎತ್ತಿಡೋದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು ಕೂಡ ಅಷ್ಟೇ ಎಂಜಿನಿಯರಿಂಗು. ಅದಕ್ಕೆ ಸಮಯ, ಜಾಗ, ಜವಾಬ್ದಾರಿ ಮೂರನ್ನೂ ಲೆಕ್ಕ ಹಾಕಿ ಕೊಡಬೇಕು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಬ್ಲಫ್‌ಗೆ ನಮ್ಮಲ್ಲಿ ಬಹಳ ಜನ ಪಿಕ್‌ನಿಕ್‌ಗೆ ಹೋಗಿ ಗಗನಚುಕ್ಕಿ ನೋಡಿ ವಾಪಸ್ ಬಂದಿದ್ದೇವೆ. ಅಲ್ಲಿನ ಶಿವನಸಮುದ್ರ ವಿದ್ಯುತ್ ಕೇಂದ್ರ 1902ರ ಜೂನ್ 30ರಂದು ಶುರುವಾಯಿತು. ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಡಿ ಲಾಟ್ಬಿನಿಯರ್ ಹೆಸರುಗಳು ಎಲ್ಲರಿಗೂ ಗೊತ್ತು. ಆದರೆ ಯಂತ್ರಗಳು ಅಲ್ಲಿಗೆ ತಲುಪಿದ್ದು ಹೇಗೆ ಅಂತ ನಾವು ಕೇಳೋದು ಕಮ್ಮಿ. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಹಡಗಿನಲ್ಲಿ ಸಮುದ್ರ ದಾಟಿ, ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿಗಳ ಮೇಲೆ ಆನೆ, ಎತ್ತುಗಳ ಬಲದಿಂದ ಶಿವನಸಮುದ್ರ ಸೇರಿದವು. ಬ್ಲಫ್ ಅನ್ನೋದು ಮೇಲಿನ ದಂಡೆ, ಪವರ್ ಹೌಸ್ ಇರೋದು ಕೆಳಗಿನ ಕಣಿವೆಯಲ್ಲಿ. ಇವತ್ತಿಗೂ ಅಲ್ಲಿ ಇಳಿಜಾರಿನ ಹಳಿಯ ಮೇಲೆ ಉಕ್ಕಿನ ಹಗ್ಗದಿಂದ ಎಳೆಯುವ ಟ್ರಾಲಿ ಇದೆ.

ಆ ದಾರಿಯುದ್ದಕ್ಕೂ ಆ ಯಂತ್ರಗಳಲ್ಲಿ ಒಂದೂ ಓಡುತ್ತಿರಲಿಲ್ಲ. ಉಪ್ಪುಗಾಳಿ, ಮಳೆ, ಗಾಡಿಯ ಕುಲುಕಾಟ ತಡೆದುಕೊಂಡು ಅವು ಬರಬೇಕಿತ್ತು. ಹಾಗೆ ಪ್ಯಾಕ್ ಮಾಡಿದವರು, ಕಟ್ಟಿದವರು, ಇಳಿಸಿದವರು ತಮ್ಮ ಕೆಲಸ ಸರಿಯಾಗಿ ಮಾಡಿದ್ದಕ್ಕೇ 1902ರಲ್ಲಿ ಚಕ್ರ ತಿರುಗಿತು.

ಈಗ ನಮ್ಮ ಕಾರಿಗೆ ಬರೋಣ. ನಿಂತ ಕಾರು ಸುಮ್ಮನೆ ನಿಂತಿರೋದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಕೆಡುತ್ತಿರುತ್ತೆ. ಈಗ ಬಂಕಿನಲ್ಲಿ ಸಿಗೋದು ಇ20 ಪೆಟ್ರೋಲು. ಅದರಲ್ಲಿರುವ ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ನೀರು ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ಪಂಪು, ಇಂಜೆಕ್ಟರು ಎರಡನ್ನೂ ಹಾಳು ಮಾಡುತ್ತೆ. ಫಾರ್ಮುಲಾ ಸ್ಟೂಡೆಂಟ್ ನಿಯಮದ ಪ್ರಕಾರ ಕೂಲಿಂಗಿಗೆ ಬರೀ ನೀರು ಮಾತ್ರ ಹಾಕಬೇಕು. ತುಕ್ಕು ತಡೆಯುವ ಕೂಲಂಟ್ ಇಲ್ಲದ ಆ ನೀರು ತಿಂಗಳುಗಟ್ಟಲೆ ಒಳಗೇ ನಿಂತರೆ ರೇಡಿಯೇಟರಿನ ಗತಿ ಏನು? ಬ್ರೇಕ್ ಆಯಿಲ್ ಕೂಡ ತೇವ ಹೀರುವ ಜಾತಿಯದೇ. ಟೈರಿನ ಮೇಲೆ ಒಂದೇ ಜಾಗದಲ್ಲಿ ಭಾರ ಬಿದ್ದರೆ ಅಲ್ಲೇ ಚಪ್ಪಟೆಯಾಗುತ್ತೆ. ಸೈಲೆನ್ಸರ್ ಬಾಯಿ ತೆರೆದಿದ್ದರೆ ಇಲಿ ಸಂಸಾರ ಹೂಡುತ್ತೆ, ವೈರಿಂಗನ್ನೂ ಕಡಿಯುತ್ತೆ.

ಇದಕ್ಕೆ ಬೇಕಿರೋದು ಎರಡು ದಿನದ ಕೆಲಸ, ಅಷ್ಟೇ ಕಣ್ರೀ. ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಪಕ್ಕದಲ್ಲಿ ಅಗ್ನಿಶಾಮಕ ಇಟ್ಟುಕೊಂಡು, ಟ್ಯಾಂಕು ಮತ್ತು ಪೈಪಿನ ಪೆಟ್ರೋಲನ್ನು ಪೂರ್ತಿ ತೆಗೆಯಬೇಕು. ಇಂಜಿನ್ ಓಡುವ ಕಾರಾದರೆ ಪೈಪಿನಲ್ಲಿ ಉಳಿದಿದ್ದನ್ನು ಓಡಿಸಿಯೇ ಖಾಲಿ ಮಾಡಬಹುದು. ಓಡದ ಕಾರಿಗೆ ಆ ಸೌಲಭ್ಯ ಇಲ್ಲ, ಕೈಯಿಂದಲೇ ಬಿಚ್ಚಬೇಕು. ಕೂಲಿಂಗ್ ನೀರು ಖಾಲಿ ಮಾಡಬೇಕು. ಹಳೇ ಇಂಜಿನ್ ಆಯಿಲ್ ಬಿಸಿ ಇಲ್ಲದ ಕಾರಣ ನಿಧಾನಕ್ಕೆ ಇಳಿಯುತ್ತೆ, ರಾತ್ರಿಯಿಡೀ ಸುರಿಯಲು ಬಿಟ್ಟು ಬೆಳಗ್ಗೆ ಹೊಸದು ಹಾಕಿ. ಇಗ್ನಿಷನ್ ಕಳಚಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ, ಕೈಯಿಂದ ಎರಡು ಮೂರು ಸುತ್ತು ತಿರುಗಿಸಿ. ಒಂದೇ ಸಿಲಿಂಡರಿನ ಇಂಜಿನ್ ಆದರೆ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿ ನಿಲ್ಲಿಸಿ. ಆಗ ಎರಡೂ ಬಗೆಯ ವಾಲ್ವ್ ಮುಚ್ಚಿರುತ್ತವೆ, ಒಳಕ್ಕೆ ತೇವ ಹೋಗೋದು ಕಮ್ಮಿ. ತಿರುಗಲೇ ಇಲ್ಲ ಅಂದರೆ ಬಲವಂತ ಮಾಡಬೇಡಿ, "ಜಾಮ್ ಆಗಿದೆ" ಅಂತ ಬರೆದಿಡಿ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಸುಮಾರು 12.6 ವೋಲ್ಟ್ ತೋರಿಸುತ್ತೆ, ಅದನ್ನು ಆ ಮಟ್ಟದಲ್ಲೇ ಇಡಬೇಕು. ಲಿಥಿಯಂ ಆದರೆ ಅರ್ಧದ ಆಸುಪಾಸಿನಲ್ಲಿ. ಇಲೆಕ್ಟ್ರಿಕ್ ಕಾರಿನ ಮುಖ್ಯ ಬ್ಯಾಟರಿ ಪ್ಯಾಕನ್ನು ತರಬೇತಿ ಆದವರು ಮಾತ್ರ ಮುಟ್ಟಲಿ. ಕಾರನ್ನು ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ನೆಲದಿಂದ ಎತ್ತಿ. ಬಣ್ಣ ಇಲ್ಲದ ಕಬ್ಬಿಣಕ್ಕೆ, ಚೈನಿಗೆ ಎಣ್ಣೆ ಸವರಿ. ಬ್ರೇಕ್ ಡಿಸ್ಕಿಗೆ ಮಾತ್ರ ಬೇಡವೇ ಬೇಡ. ಗಾಳಿ ಒಳಹೋಗುವ ಬಾಯಿ, ಸೈಲೆನ್ಸರ್ ಬಾಯಿ ಎರಡಕ್ಕೂ ಬಟ್ಟೆ ತುರುಕಿ, "ತೆಗೆಯದೆ ಸ್ಟಾರ್ಟ್ ಮಾಡಬೇಡಿ" ಅಂತ ಕೆಂಪು ಚೀಟಿ ಕಟ್ಟಿ. ನೆಲದವರೆಗೂ ಬಿಗಿದ ಪ್ಲಾಸ್ಟಿಕ್ ಟಾರ್ಪಾಲ್ ಒಳಗೇ ಹಬೆ ಹಿಡಿಯುತ್ತೆ. ಮಂಡ್ಯದ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಸೂರಿನ ಕೆಳಗೆ, ಹತ್ತಿ ಬಟ್ಟೆ ಹೊದಿಸಿ ಇಡೋದು ಒಳ್ಳೇದು.

ಸಾಗಾಣಿಕೆ ವಿಷಯ. ಫಾರ್ಮುಲಾ ಭಾರತ್ ನಡೆಯುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ನಮ್ಮ ಜಿಲ್ಲೆಯಿಂದ ಹೋಗುವ ಲಾರಿ ಮದ್ದೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ದಾರಿ ಹಿಡಿಯಬಹುದು. ಅಂದರೆ ಟರ್ಬೈನುಗಳು ಬಂದ ಕಡೆಯ ದಾರೀನೇ. ಹೋಗುವಾಗ ಕಾರು ಲಾರಿಗೆ ತಾನೇ ಹತ್ತಬಹುದು. ವಾಪಸ್ ಬರುವಾಗ ಇಂಜಿನ್ ಕೈಕೊಟ್ಟಿದ್ದರೆ? ಆಗ ಚಕ್ರ ಉರುಳಬೇಕು, ಸ್ಟೇರಿಂಗ್ ತಿರುಗಬೇಕು, ಬ್ರೇಕ್ ಬಿಟ್ಟಿರಬೇಕು, ಹಗ್ಗ ಕಟ್ಟಲು ಚಾಸಿಸ್‌ನಲ್ಲಿ ಗಟ್ಟಿ ಜಾಗ ಇರಬೇಕು. ಗೇರ್ ಸಿಕ್ಕಿಕೊಂಡಿದ್ದರೆ ಚೈನ್ ಬಿಚ್ಚಿದರೆ ಸಾಕು, ಹಿಂದಿನ ಚಕ್ರ ಬಿಡುತ್ತೆ.

ಲೆಕ್ಕ ಸುಲಭ. ಲಾರಿ ತಳ 1 ಮೀಟರ್ ಎತ್ತರದಲ್ಲಿದೆ, ಹಲಗೆ 4 ಮೀಟರ್ ಉದ್ದ ಇದೆ ಅಂದುಕೊಳ್ಳಿ. ಘರ್ಷಣೆ ಬಿಟ್ಟರೆ ಕಾರಿನ ತೂಕದ ಕಾಲು ಭಾಗದಷ್ಟು ಎಳೆತ ಸಾಕು. 250 ಕೆ.ಜಿ. ಕಾರಿಗೆ ಸುಮಾರು 63 ಕೆ.ಜಿ. ಎಳೆತ, ಒಂದು ಸಣ್ಣ ಕೈ ವಿಂಚಿನ ಕೆಲಸ. ಹಲಗೆ 2 ಮೀಟರ್ ಆದರೆ ಎಳೆತ ಎರಡರಷ್ಟಾಗುತ್ತೆ, ಕಾರಿನ ಮೂತಿಯೂ ಹಲಗೆಗೆ ತಾಗುತ್ತೆ. ಬ್ಲಫ್‌ನ ಟ್ರಾಲಿಯದ್ದೂ ಇದೇ ಇಳಿಜಾರಿನ ಲೆಕ್ಕ.

ಕಟ್ಟುವಾಗ ನಾಲ್ಕು ಮೂಲೆಗೆ ನಾಲ್ಕು ರ‍್ಯಾಚೆಟ್ ಪಟ್ಟಿ, ಚಾಸಿಸ್‌ಗೇ ಕಟ್ಟಬೇಕು. ಸಸ್ಪೆನ್ಷನ್ ಆರ್ಮಿಗೆ ಕಟ್ಟಿದರೆ ಅದು ಬಾಗುತ್ತೆ. ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ನುಗ್ಗುವ ಬಲವನ್ನು ತೂಕದ 0.8ರಷ್ಟು ಅಂತ ಹಿಡಿಯೋದು ರೂಢಿ. ನಮ್ಮ ಕಾರಿಗೆ ಅದು 200 ಕೆ.ಜಿ. ಆ ದಾರಿಯಲ್ಲಿ 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟ್ ಇದೆ, ನೆನಪಿರಲಿ. ಹೊರಟ ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಮಾಡಬೇಕು. ಮಂಡ್ಯದಿಂದ ಹೊರಟವರಿಗೆ ಮದ್ದೂರೇ ಸರಿಯಾದ ಜಾಗ, ವಡೆ ಆರ್ಡರ್ ಕೊಟ್ಟು ಪಟ್ಟಿ ನೋಡಿ. ಘಾಟ್ ಇಳಿಯುವ ಮುಂಚೆ, ವಾಪಸ್ ಬರುವಾಗ ಹತ್ತುವ ಮುಂಚೆ, ಮತ್ತೊಮ್ಮೆ ನೋಡಿ. ಕಾರಿನ ಸೀಟಿನಲ್ಲಿ ಯಾರೂ ಕೂತು ಬರೋದು ಬೇಡ.

"ಅದೆಲ್ಲ ಸರಿ, ಆ ಕಾರು ಮತ್ತೆ ಸ್ಪರ್ಧೆಗೆ ಹೋಗಲ್ವಲ್ಲ?" ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫಾರ್ಮುಲಾ ಸ್ಟೂಡೆಂಟ್ ನಿಯಮಗಳಲ್ಲಿ ಒಂದು ಕಾರಿಗೆ ಒಂದು ವರ್ಷದ ಅವಧಿ ಮಾತ್ರ. ಆದರೆ ಮುಂದಿನ ಬ್ಯಾಚಿಗೆ ಹೊಸ ಕಾರು ಸಿದ್ಧವಾಗುವ ತನಕ ಡ್ರೈವರುಗಳು ಅಭ್ಯಾಸ ಮಾಡೋದು ಯಾವುದರಲ್ಲಿ? ಹೊಸ ಸೆನ್ಸರ್, ಹೊಸ ಬ್ರೇಕ್ ಲೆಕ್ಕ ಪರೀಕ್ಷಿಸೋದು ಯಾವುದರ ಮೇಲೆ? ಮೊದಲ ವರ್ಷದ ಹುಡುಗ ಹುಡುಗಿಯರು ಮೊದಲ ಸಲ ಸ್ಪ್ಯಾನರ್ ಹಿಡಿಯೋದು ಎಲ್ಲಿ? ಇಂಜಿನ್ ಕೆಟ್ಟ ಕಾರು ಅವರಿಗೆ ಪಾಠದ ಕಾರು. ಜಾಮ್ ಆಗಿ ತುಕ್ಕು ಹಿಡಿದ ಕಾರಿನಿಂದ ಬೋಲ್ಟ್ ಬಿಚ್ಚೋದು ಬಿಟ್ಟು ಬೇರೇನೂ ಕಲಿಯೋಕಾಗಲ್ಲ.

"ಬಿಡಿಭಾಗ ಬಿಚ್ಚಿಟ್ಟುಕೊಂಡು ಉಳಿದದ್ದು ಮಾರೋಣ" ಅನ್ನುವವರೂ ಇದ್ದಾರೆ. ಅದನ್ನೂ ಮಾಡಬಹುದು. ಆದರೆ ಅದು ಯೋಚಿಸಿ, ಪಟ್ಟಿ ಮಾಡಿ, ಒಪ್ಪಿಗೆ ಪಡೆದು ಮಾಡುವ ತೀರ್ಮಾನ ಆಗಿರಲಿ. ಮಳೆಗೂ ಇಲಿಗೂ ಆ ತೀರ್ಮಾನ ಬಿಟ್ಟುಕೊಡೋದು ಬೇಡ. ಸ್ಪಾನ್ಸರುಗಳು ಕೊಟ್ಟ ದುಡ್ಡು, ನಾವು ನಾವೇ ಕೈಯಿಂದ ಹಾಕಿದ ದುಡ್ಡು, ರಾತ್ರಿ ನಿದ್ದೆಗೆಟ್ಟು ಮಾಡಿದ ವೆಲ್ಡಿಂಗು ಎಲ್ಲ ಅದರಲ್ಲಿದೆ.

ಅದಕ್ಕೇ ನಮ್ಮ ಬೇಡಿಕೆ ಮೂರು. ಒಂದು, ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಎರಡು ದಿನವನ್ನು ಕಾರು ಎತ್ತಿಡುವ ದಿನ ಅಂತ ಟೀಮಿನ ಕ್ಯಾಲೆಂಡರಿನಲ್ಲೇ ಬರೆಯಿರಿ. ಫೈನಲ್ ಇಯರಿನವರು, ಎರಡನೇ ವರ್ಷದವರು ಜೊತೆಗೆ ನಿಂತು ಮಾಡಲಿ. ಎರಡು, ಯಾವ ಭಾಗ ಸರಿ ಇದೆ, ಯಾವುದು ಕೆಟ್ಟಿದೆ, ಯಾವ ಬೋಲ್ಟು ಯಾವ ಡಬ್ಬದಲ್ಲಿದೆ ಅಂತ ಒಂದು ಪುಸ್ತಕ ಇಡಿ. ಕನ್ನಡದಲ್ಲೇ ಬರೆಯಿರಿ. ವರ್ಕ್‌ಶಾಪಿನ ಅಣ್ಣಂದಿರೂ ಓದಲಿ, ನಮಗಿಂತ ಹೆಚ್ಚು ಕಾಲ ಆ ಕಾರಿನ ಪಕ್ಕ ಇರುವವರು ಅವರೇ. ಮೂರು, ಕಾಲೇಜು ಸೂರಿರುವ ಒಂದು ಮೂಲೆ ಕೊಡಲಿ, ಈ ಕೆಲಸಕ್ಕೂ ಪ್ರಾಜೆಕ್ಟ್ ಅಂಕದಲ್ಲಿ ಒಂದು ಪಾಲು ಇಡಲಿ.

ಈ ಸಲದ ಕಾರು ಇನ್ನೂ ವರ್ಕ್‌ಶಾಪಿನ ಹಿಂದೆಯೇ ಇದೆ. ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಮಳೆ ಹಿಡಿಯುವ ಮುಂಚೆ ಒಂದು ಶನಿವಾರ, ಒಂದು ಭಾನುವಾರ ಸಾಕು. ಸಂಘದ ಕಡೆಯಿಂದ ನಾವು ಬರ್ತೀವಿ, ಚೀಟಿ ಬರೆಯೋದು, ಪುಸ್ತಕ ಇಡೋದು ನಮ್ಮ ಪಾಲಿಗಿರಲಿ. ಸ್ಪ್ಯಾನರ್ ಹಿಡಿಯೋರು ದಿನ ಗೊತ್ತು ಮಾಡಿ ಹೇಳಿ.