ಕೂತು ಹುಲ್ಲು ಕೊಯ್ಯುವ ಗಾಡಿ: ಕೊಳ್ಳುವ ಮುಂಚೆ ಗುಂಟೆ ಎಣಿಸಿರಿ

“ಸಾವ್ಕಾರ್ರ, ಹುಲ್ಲು ಕೊಯ್ಯೋ ಗಾಡಿ ಬಂದಾವಂತಲ್ರಿ. ಮ್ಯಾಲ ಕುಂತು ಹೊಡಿಯೋದಂತ. ಕಾರಿನ ರೊಕ್ಕ ಐತೆಂತ ಅದಕ್ಕ!”

“ಕಾರಿನ ರೊಕ್ಕ ಕೊಟ್ಟು ಕರಕಿ ಕೊಯ್ಯೋದೇನೋ ತಮ್ಮಾ? ನಮ್ಮ ಎಮ್ಮಿ ಪುಕ್ಕಟೆ ಕೊಯ್ತೈತಿ!”

ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೇಳಿದ ಮಾತಿದು. ಬಸ್ಸಿಗೆ ಬಸ್ಸೇ ನಕ್ಕಿತು. ನಾವೂ ನಕ್ಕೆವು. ಆದರೆ ಇಳಿದು ನಡೆಯುವಾಗ ಅನಿಸಿತು, ಇದು ನಕ್ಕು ಬಿಡುವ ಮಾತಲ್ಲ. ಏಕೆಂದರೆ ಆ ಗಾಡಿಯನ್ನು ಕೊಳ್ಳುವವರು ಬಹುತೇಕ ಸಾರ್ವಜನಿಕ ಸಂಸ್ಥೆಗಳು. ರೊಕ್ಕ ಯಾರದು? ನಮ್ಮದು, ನಿಮ್ಮದು. ತೆರಿಗೆಯದು, ಕಾಲೇಜಿನ ಫೀಜಿನದು, ದೇವರ ಹುಂಡಿಯದು.

ನಮ್ಮ ಜಿಲ್ಲೆಯಲ್ಲಿ ಹುಲ್ಲುಹಾಸು ಎಂಬುದು ಈಗ ಸಣ್ಣ ಬಾಬತ್ತಲ್ಲ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಗುಡಿಗಳ ಸುತ್ತ, ಐಹೊಳೆಯ ದುರ್ಗ ಗುಡಿಯ ಸುತ್ತ ಕೇಂದ್ರ ಪುರಾತತ್ವ ಇಲಾಖೆಯ ಹಸಿರು ಹಾಸು ಇದೆ. ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಯಾತ್ರಿಕರು ಕೂಡುವ ದೊಡ್ಡ ಆವರಣವಿದೆ. ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರಿಗಾಗಿ ಕಟ್ಟಿದ ನವನಗರದಲ್ಲಿ ಸೆಕ್ಟರಿನ ಲೆಕ್ಕದಲ್ಲಿ ಜಾಗ ಹಂಚಿದೆ. ಇವಲ್ಲದೆ ಕಾಲೇಜು, ಕಾರ್ಖಾನೆ, ಕಲ್ಯಾಣಮಂಟಪ, ರಿಸಾರ್ಟು. ಮಳೆಗಾಲ ಹಿಡಿಯಿತೆಂದರೆ ಎಲ್ಲ ಕಡೆ ಒಂದೇ ಚಿಂತೆ: ಈ ಹುಲ್ಲನ್ನು ಕೊಯ್ಯುವವರಾರು?

ಕೊಯ್ಯಲು ಗಾಡಿ ತರುವುದು ತಪ್ಪಲ್ಲ. ಲೆಕ್ಕ ಹಾಕದೆ ತರುವುದು ತಪ್ಪು.

ನೇಕಾರರಿಂದ ಹುಟ್ಟಿದ ಮಷೀನು

ಇಳಕಲ್ಲಿನ ಓದುಗರಿಗೆ ಒಂದು ಸ್ವಾರಸ್ಯದ ಸಂಗತಿ. ಹುಲ್ಲು ಕೊಯ್ಯುವ ಮಷೀನು ಹುಟ್ಟಿದ್ದು ಹೊಲದಲ್ಲಲ್ಲ, ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರ ಬಳಿ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ಕು ಇದ್ದ. ನೇಯ್ದ ಉಣ್ಣೆ ಬಟ್ಟೆಯ ಮೇಲೆದ್ದ ನವಿರನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರ ನೋಡಿ, ಬಟ್ಟೆಗೆ ಆಗುವುದು ನೆಲಕ್ಕೇಕೆ ಆಗದು ಎಂದು ಯೋಚಿಸಿದ. 1830ರಲ್ಲಿ ತನ್ನ ಮಷೀನಿಗೆ ಪೇಟೆಂಟ್ ಪಡೆದ. ಮಗ್ಗದ ಊರಿನವರಿಗೆ ಬೇಗ ತಿಳಿಯುವ ಮಾತು: ಕತ್ತರಿ ಹರಿತವಿದ್ದರೆ ಬಟ್ಟೆ ಚೆಂದ, ಮೊಂಡಾದರೆ ಎಳೆ ಹರಿಯುತ್ತದೆ. ಹುಲ್ಲಿನದೂ ಅದೇ ಕತೆ. ಮೊಂಡು ಬ್ಲೇಡು ಹುಲ್ಲನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಎರಡು ದಿನದಲ್ಲಿ ತುದಿ ಕಂದಾಗಿ ಇಡೀ ಹಾಸು ಒಣಗಿದಂತೆ ಕಾಣುತ್ತದೆ. ಆಮೇಲೆ ಮಾಲಿಯನ್ನು ಬೈಯುವುದು, “ನೀರು ಬಿಟ್ಟಿಲ್ಲೇನೋ?” ಅಂತ.

ಗುಂಟೆಯ ಲೆಕ್ಕ

ಈಗ ಅಂಗಡಿಕಾರರ ರೀತಿಯಲ್ಲಿ ಲೆಕ್ಕ ಹಾಕೋಣ. ಕೈಯಿಂದ ತಳ್ಳುವ, 21 ಇಂಚು ಅಗಲ ಕೊಯ್ಯುವ ಮಷೀನಿನಿಂದ ಒಬ್ಬ ಆಳು ಗಂಟೆಗೆ ಸುಮಾರು 12 ಗುಂಟೆ ಕೊಯ್ಯಬಹುದು. ತಿರುವು, ದಣಿವು, ಪೆಟ್ರೋಲು ಹಾಕುವ ವೇಳೆ ಎಲ್ಲ ಸೇರಿಸಿ. ಕೂತು ಹೊಡೆಯುವ, 52 ಇಂಚು ಅಗಲದ ದಂಧೆಯ ಗಾಡಿ ಗಂಟೆಗೆ 8 ಕಿಲೋಮೀಟರಿನಂತೆ ಓಡಿದರೆ, ತಿರುವು ಕಳೆದು, ಸುಮಾರು 2 ಎಕರೆ.

ಒಂದು ಸಂಸ್ಥೆಗೆ 10 ಎಕರೆ ಜಾಗ ಇದೆ ಎನ್ನಿ. “ಹತ್ತೆಕರೆ ಐತ್ರಿ, ದೊಡ್ಡ ಗಾಡಿನೇ ಬೇಕು” ಎನ್ನುತ್ತಾರೆ ಆಡಳಿತದವರು. ನಿಲ್ಲಿ. ಅದರಲ್ಲಿ ಕಟ್ಟಡ ಎಷ್ಟು, ರಸ್ತೆ ಎಷ್ಟು, ಗಿಡದ ಪಾತಿ ಎಷ್ಟು, ಕಲ್ಲು ಬಂಡೆ ಎಷ್ಟು? ಕಳೆದು ನೋಡಿದರೆ ಬಯಲು ಹುಲ್ಲು 4 ಎಕರೆ ಉಳಿಯಬಹುದು. 4 ಎಕರೆ ಎಂದರೆ 160 ಗುಂಟೆ. ತಳ್ಳುವ ಮಷೀನಿಗೆ ಹದಿಮೂರು, ಹದಿನಾಲ್ಕು ತಾಸು. ಒಬ್ಬ ಆಳಿನ ಎರಡು ದಿನದ ಕೆಲಸ. ದೊಡ್ಡ ಗಾಡಿಗೆ ಎರಡು ತಾಸು.

ವಾರಕ್ಕೆ ಎರಡು ತಾಸು ಓಡಿಸಲು ಲಕ್ಷಗಟ್ಟಲೆ ರೊಕ್ಕದ ಗಾಡಿಯೇ? ನಮ್ಮ ಸೀಮೆಯ ಮಳೆಯೇ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನೀರು ಕಟ್ಟದ ಹುಲ್ಲು ಜೋರಾಗಿ ಬೆಳೆಯುವುದು ನಾಲ್ಕೈದು ತಿಂಗಳು. ಉಳಿದ ದಿನ ಗಾಡಿ ಶೆಡ್ಡಿನಲ್ಲಿ, ಇಲಿ ವೈರು ಕಡಿಯುತ್ತ ಕೂತಿರುತ್ತದೆ.

ಅದೇ ಬಯಲು ಹುಲ್ಲು 15 ಎಕರೆ ಇದ್ದರೆ ಮಾತು ಬೇರೆ. ತಳ್ಳುವ ಮಷೀನಿಗೆ 50 ತಾಸು. ಅಂದರೆ ಒಬ್ಬ ಆಳು ವಾರವೆಲ್ಲ ತಳ್ಳಿ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಕೊಯ್ದದ್ದು ಮತ್ತೆ ಎದ್ದಿರುತ್ತದೆ. ದೊಡ್ಡ ಗಾಡಿಗೆ ಒಂದು ದಿನದ ಕೆಲಸ. ಅಲ್ಲಿ ಗಾಡಿ ಶೋಕಿಯಲ್ಲ, ಗರಜು. ಈ ಎರಡರ ನಡುವೆ ಇರುವವರು ಒಂದು ದಿನ ಅಳತೆಯ ಟೇಪು ಹಿಡಿದು ತಿರುಗಲಿ. ಖರ್ಚು ಏನೂ ಇಲ್ಲ.

ಮನೆಯದು ಬೇರೆ, ದಂಧೆಯದು ಬೇರೆ

ಗಾಡಿ ಬೇಕೇಬೇಕು ಎಂದು ಗೊತ್ತಾದ ಮೇಲೆ ನಮ್ಮವರು ಮಾಡುವ ದೊಡ್ಡ ತಪ್ಪು, ಕಡಿಮೆ ದರಕ್ಕೆ ಬೀಳುವುದು. ಕೂತು ಹೊಡೆಯುವ ಗಾಡಿಯಲ್ಲೂ ಎರಡು ಜಾತಿ. ಒಂದು ಮನೆಯ ಹಿತ್ತಲಿಗೆ ಮಾಡಿದ್ದು, ಇನ್ನೊಂದು ದಿನವಿಡೀ ದುಡಿಯಲು ಮಾಡಿದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ಠೀವಿ. ಬಗ್ಗಿ ಕೆಳಗೆ ನೋಡಬೇಕು.

ಬ್ಲೇಡು ತಿರುಗುವ ತಗಡಿನ ಮುಚ್ಚಳಕ್ಕೆ ಡೆಕ್ಕು ಎನ್ನುತ್ತಾರೆ. ಮನೆಯ ಗಾಡಿಯಲ್ಲಿ ಅದು ಬಹಳ ಸಲ ತೆಳು ತಗಡನ್ನು ಅಚ್ಚಿಗೆ ಒತ್ತಿ ಮಾಡಿದ್ದು. ದಂಧೆಯ ಗಾಡಿಯಲ್ಲಿ ದಪ್ಪ ಉಕ್ಕಿನ ಹಾಳೆ ಕತ್ತರಿಸಿ ವೆಲ್ಡು ಮಾಡಿದ್ದು. ತಗಡಿಗೆ ಗೇಜಿನ ಲೆಕ್ಕ ನಮ್ಮ ಟ್ರಂಕು ಮಾಡುವವರಿಗೂ ಗೊತ್ತು: ಅಂಕಿ ಸಣ್ಣದಾದಷ್ಟೂ ತಗಡು ದಪ್ಪ. 10 ಗೇಜು ಗಟ್ಟಿ, 7 ಗೇಜು ಇನ್ನೂ ಗಟ್ಟಿ. ಬ್ಲೇಡಿನ ಸ್ಪಿಂಡಲ್ಲಿಗೆ ಗ್ರೀಸು ಹೊಡೆಯುವ ನಿಪ್ಪಲ್ಲು ಇದೆಯೋ, ಗಾಲಿ ತಿರುಗಿಸುವ ಹೈಡ್ರಾಲಿಕ್ಕಿನ ಆಯಿಲು, ಫಿಲ್ಟರು ಬದಲಿಸಲು ಬರುತ್ತದೋ, ಇಲ್ಲ ಪೂರಾ ಸೀಲು ಮಾಡಿದ್ದೋ, ಕೇಳಿರಿ. ಸೀಲು ಮಾಡಿದ್ದು ಕೆಟ್ಟರೆ ಬಹುತೇಕ ರಿಪೇರಿ ಇಲ್ಲ, ಹೊಸದು ಹಾಕುವುದೇ.

ಮತ್ತೊಂದು ಮಾತು. ಮನೆ ಬಳಕೆಯ ಗಾಡಿಯನ್ನು ಸಂಸ್ಥೆಯ ದುಡಿಮೆಗೆ ಹಚ್ಚಿದರೆ ಗ್ಯಾರಂಟಿ ಸಾಮಾನ್ಯವಾಗಿ ಕುಗ್ಗುತ್ತದೆ, ಇಲ್ಲವೇ ಪೂರಾ ಹೋಗುತ್ತದೆ. ಈ ಸಂಗತಿ ಇರುವುದು ಕಾಗದದ ಹಿಂಬದಿಯ ಸಣ್ಣ ಅಕ್ಷರದಲ್ಲಿ. ಅದನ್ನು ಓದುವುದು ಗಾಡಿ ನಿಂತ ಮೇಲೆ.

ನಮ್ಮ ನೆಲ, ನಮ್ಮ ಕಲ್ಲು

ಪರದೇಶದ ಚಿತ್ರದಲ್ಲಿ ಗಾಡಿ ಓಡುವುದು ರತ್ನಗಂಬಳಿಯಂಥ ನೆಲದ ಮೇಲೆ. ನಮ್ಮ ಎರಿ ಭೂಮಿ ಮಳೆಗೆ ತೊಯ್ದರೆ ಮನುಷ್ಯರ ಚಪ್ಪಲಿಯನ್ನೇ ಬಿಡುವುದಿಲ್ಲ. ಐದಾರು ಕ್ವಿಂಟಲು ತೂಕದ ಗಾಡಿಯನ್ನು ಬಿಟ್ಟೀತೇ? ಗಾಲಿಯ ಗುರುತು ಬಿದ್ದು, ಒಣಗಿ, ಬಿರುಕು ಬಿಟ್ಟು ಹಾಸು ಹಾಳಾಗುತ್ತದೆ. ಮಳೆ ನಿಂತು ನೆಲ ಆರುವವರೆಗೆ ತಡೆಯಬೇಕು. ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ, ಆದರೆ ಧೂಳು ಹೆಚ್ಚು. ಏರ್ ಫಿಲ್ಟರು ಹಿಂದಿನ ದಿನದ್ದು ಇಂದು ನಡೆಯುವುದಿಲ್ಲ.

ಇಳಿಜಾರಿನ ಮಾತೂ ಅಷ್ಟೇ. ನಿಂತಲ್ಲೇ ಗಿರಕಿ ಹೊಡೆಯುವ ಜೀರೋ ಟರ್ನ್ ಗಾಡಿ ಸಪಾಟು ನೆಲಕ್ಕೆ ರಾಜ, ದಿಬ್ಬಕ್ಕೆ ಅಪಾಯ. ಬಹಳಷ್ಟು ಕಂಪನಿಯವರೇ 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿಗೆ ಹೋಗಬೇಡಿ ಎನ್ನುತ್ತಾರೆ, ಕೆಲವರು 10 ಡಿಗ್ರಿಗೇ ನಿಲ್ಲುತ್ತಾರೆ. ಕೆರೆ ದಂಡೆ, ಹೊಳೆ ದಂಡೆಯಲ್ಲಿ ಅದರ ಕೆಲಸ ಇಲ್ಲ.

ಇನ್ನು ಕಲ್ಲು. ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ತಿರುಗುತ್ತದೆ. ಹುಲ್ಲಿನಲ್ಲಿ ಅಡಗಿದ ಹರಳು ಅದಕ್ಕೆ ತಗುಲಿದರೆ ಕವಣೆಯ ಕಲ್ಲು. ಸಾಲಿ ಮಕ್ಕಳು ಸಾಲುಗಟ್ಟಿ ಬರುವ ಜಾಗದಲ್ಲಿ, ಜನ ಬರುವ ಮುಂಚೆ ಕೆಲಸ ಮುಗಿಸಬೇಕು. ಇಳಕಲ್ಲಿನ ಗ್ರಾನೈಟು ಗಾಡಿಯ ಪೆಟ್ಟು ತಾಳೀತು. ಪಟ್ಟದಕಲ್ಲಿನ ಮರಳುಗಲ್ಲು ತಾಳದು. ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಕಡೆದ ಅಧಿಷ್ಠಾನದ ಅಂಚಿಗೆ ಒಂದು ಸಲ ಉಕ್ಕು ತಗುಲಿದರೆ ಯಾವ ಇಲಾಖೆಯೂ ಮರಳಿ ಕೊಡಲಾರದು. ಇಂಥ ಗುಡಿಯ ಗೋಡೆಯಿಂದ ಒಂದೆರಡು ಮಾರು ಜಾಗ ಯಾವತ್ತೂ ಕುಡಗೋಲಿಗೇ ಬಿಡಬೇಕು.

ಬೆಲ್ಟು ಹರಿದ ದಿನ

ನಾವೇ ಒಂದು ಆವರಣದಲ್ಲಿ ನೋಡಿದ್ದು. ಹೆಸರು ಬೇಡ. ತಾಡಪಾಲಿನ ಕೆಳಗೆ ಹುಲ್ಲು ಕೊಯ್ಯುವ ಗಾಡಿ, ಗಾಡಿಯ ಸುತ್ತ ಮೊಣಕಾಲುದ್ದ ಹುಲ್ಲು. “ಏನಾಗೇತ್ರಿ?” ಎಂದು ಕೇಳಿದರೆ ಮಾಲಿ ನಕ್ಕ. “ಬೆಲ್ಟು ಹರದೈತ್ರಿ. ಆಕಡೆಯಿಂದ ಬರಬೇಕಂತ. ಬಂದಿಲ್ರಿ.” ಒಂದು ಬೆಲ್ಟಿನಿಂದ ಒಂದು ಮಳೆಗಾಲ ಹೋಯಿತು.

ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಕುದುರೆಶಕ್ತಿ ಎಂಬುದಲ್ಲ. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ ಬರುತ್ತಾರೆ, ಸಾಮಾನು ಎಲ್ಲಿದೆ? ಹುಬ್ಬಳ್ಳಿಯಲ್ಲಿ ಇದ್ದರೆ ಮರುದಿನದ ಬಸ್ಸಿಗೆ ಬರುತ್ತದೆ. ಸಮುದ್ರದಾಚೆ ಇದ್ದರೆ ಹುಲ್ಲು ಕಾಯುವುದಿಲ್ಲ. ಗಾಡಿಯ ಜೊತೆಗೇ ಎರಡು ಸೆಟ್ಟು ಬ್ಲೇಡು, ಎರಡು ಬೆಲ್ಟು, ಫಿಲ್ಟರು ತೆಗೆದುಕೊಂಡಿಡಬೇಕು. ಬ್ಲೇಡು ಮಸೆಯುವುದು ನಮ್ಮ ಲೇಥಿನವರಿಗೆ ಕಷ್ಟವಲ್ಲ, ಎರಡು ಬದಿಯ ತೂಕ ಸಮ ಇರಬೇಕು ಎಂಬುದೊಂದನ್ನು ನೆನಪಿಟ್ಟರೆ ಸಾಕು. ತೂಕ ತಪ್ಪಿದರೆ ಗಾಡಿ ನಡುಗಿ ಬೇರಿಂಗು ತಿನ್ನುತ್ತದೆ.

ಸರಕಾರಿ ಖರೀದಿಯಲ್ಲಿ 1999ರ ಪಾರದರ್ಶಕತೆ ಕಾಯಿದೆಯ ಪ್ರಕಾರ ಟೆಂಡರು ನಡೆಯುತ್ತದೆ. ಒಳ್ಳೆಯದೇ. ಆದರೆ ಟೆಂಡರಿನಲ್ಲಿ “ಹುಲ್ಲು ಕತ್ತರಿಸುವ ಯಂತ್ರ, ಒಂದು” ಎಂದಷ್ಟೇ ಬರೆದರೆ ತೆಳು ತಗಡಿನದೇ ಗೆಲ್ಲುತ್ತದೆ. ಡೆಕ್ಕಿನ ಗೇಜು, ಸರ್ವಿಸಿನ ಗಡುವು, ಬಿಡಿಭಾಗ, ಓಡಿಸುವವನಿಗೆ ತರಬೇತಿ ಎಲ್ಲವೂ ಬರವಣಿಗೆಯಲ್ಲಿ ಬರಲಿ. ಆಮೇಲೆ ಕಡಿಮೆ ದರ ನೋಡಲಿ.

ಕುಡಗೋಲಿನವರ ಗತಿ

ಬಸ್ಸಿನ ಹಿರಿಯರು ಎಮ್ಮೆಯ ಮಾತು ಆಡಿದ್ದು ಬರೀ ಚೇಷ್ಟೆಯಲ್ಲ. ಕುಡಗೋಲಿನಿಂದ ಕೊಯ್ದ ಹುಲ್ಲು ಹೊರೆಯಾಗಿ ಯಾರದೋ ದನಕ್ಕೆ ಹೋಗುತ್ತದೆ. ಗಾಡಿ ಕೊಯ್ದದ್ದು ಪುಡಿಯಾಗಿ ಅಲ್ಲೇ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ. ನೆಲಕ್ಕೆ ಲಾಭ, ಹೊರೆ ಹೊರುವ ಹೆಣ್ಣುಮಗಳಿಗೆ ನಷ್ಟ. ಬಿಸಿಲಲ್ಲಿ ಸೊಂಟ ಬಗ್ಗಿಸಿ ಕೂತು ಕೊಯ್ಯುವ ಕೆಲಸ ಸುಖದ್ದೇನಲ್ಲ, ಅದು ಹಾಗೇ ಇರಲಿ ಎಂದು ನಾವು ಹೇಳುವುದಿಲ್ಲ. ಆದರೆ ಗಾಡಿ ಬಂತೆಂದು ಅವರನ್ನು ಗೇಟಿನ ಹೊರಗೆ ಕಳಿಸುವುದೂ ನ್ಯಾಯವಲ್ಲ. ಅವರಲ್ಲೇ ಒಬ್ಬರಿಗೆ ಗಾಡಿ ಕಲಿಸಿರಿ. ಗೋಡೆಯಂಚು, ಗಿಡದ ಬುಡ, ಕಲ್ಲಿನ ಸಂದು ಹೇಗೂ ಕೈಕೆಲಸಕ್ಕೇ ಉಳಿಯುತ್ತವೆ. ಮೂಲೆಯ ಒಂದೆರಡು ಎಕರೆ ಮೇವಿಗೆ ಬಿಟ್ಟರೆ ಪೆಟ್ರೋಲೂ ಉಳಿದೀತು.

ಇನ್ನೊಂದು ದಾರಿಯೂ ಇದೆ. ರೈತರಿಗೆ ಟ್ರ್ಯಾಕ್ಟರು, ರೋಟಾವೇಟರು ಬಾಡಿಗೆಗೆ ಕೊಡಲು ರಾಜ್ಯದಲ್ಲಿ 2014-15ರಲ್ಲಿ ಕೃಷಿ ಯಂತ್ರಧಾರೆ ಆರಂಭಿಸಲಿಲ್ಲವೇ? ಅದೇ ಮಾದರಿಯಲ್ಲಿ ನಾಲ್ಕೈದು ಸಂಸ್ಥೆ ಕೂಡಿ ಒಂದು ಒಳ್ಳೆಯ ಗಾಡಿ, ಒಂದು ಟ್ರೇಲರು, ಒಬ್ಬ ನುರಿತ ಚಾಲಕ ಇಟ್ಟುಕೊಂಡರೆ? ಸೋಮವಾರ ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ. ಗಾಡಿಗೂ ಕೆಲಸ, ರೊಕ್ಕಕ್ಕೂ ಬೆಲೆ. ಟ್ರ್ಯಾಕ್ಟರು ಇದ್ದವರು ಹಿಂದೆ ಕಟ್ಟುವ ಸ್ಲ್ಯಾಷರಿನಲ್ಲೇ ಒರಟು ಬಯಲನ್ನು ಮುಗಿಸಬಹುದು, ಕೂತು ಹೊಡೆಯುವ ಗಾಡಿಯ ಗೊಡವೆಯೇ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹುಲ್ಲುಹಾಸಿಗೂ ಅದೇ ಮಾತು. ನಿಮ್ಮೂರಿನ ಸಂಸ್ಥೆ ನಾಳೆ ಇಂಥ ಗಾಡಿ ತರುತ್ತದೆ ಎಂದು ಕೇಳಿದರೆ ನಕ್ಕು ಸುಮ್ಮನಾಗಬೇಡಿರಿ. ಆಡಳಿತದವರನ್ನು ಎರಡೇ ಎರಡು ಮಾತು ಕೇಳಿರಿ: “ಬಯಲು ಹುಲ್ಲು ಎಷ್ಟು ಗುಂಟಿ ಐತ್ರಿ? ಬೆಲ್ಟು ಹರದ್ರ ಯಾರು ಬರ್ತಾರ್ರಿ?” ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಗಾಡಿ ಬರಲಿ, ಕಾಯಿ ಒಡೆಯೋಣ. ಬರದಿದ್ದರೆ, ತಾಡಪಾಲು ಈಗಲೇ ತಂದಿಡಲಿ.