ಬಚ್ಚಿಟ್ಟ ಶಾಪಕ್ಕೆ ಬೆಲೆಯಿಲ್ಲ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪಾಳುಗುಡಿಯೊಳಗೆ ಒಂದು ಕೊಡಲಿ ಸಿಕ್ಕಿತು ಎಂದುಕೊಳ್ಳಿ. ಅದು ಬರೀ ಕೊಡಲಿಯೋ ಮಾಂತ್ರಿಕ ಕೊಡಲಿಯೋ ತಿಳಿಯಲು ‘ಐಡೆಂಟಿಫೈ’ ಎಂಬ ಮಂತ್ರವಿದೆ. 2014ರ ನಿಯಮದಂತೆ 100 ಚಿನ್ನದ ನಾಣ್ಯ ಬೆಲೆಯ ಮುತ್ತೊಂದು ಕೈಯಲ್ಲಿರಬೇಕು, ಒಂದು ನಿಮಿಷ ಮಂತ್ರ ಹಾಕಬೇಕು. ವಸ್ತುವಿನ ಗುಣವೆಲ್ಲ ಬಯಲಾಗುತ್ತದೆ, ಶಾಪವೊಂದನ್ನು ಬಿಟ್ಟು. ಶಾಪ ಈ ಮಂತ್ರಕ್ಕೂ ಸಾಮಾನ್ಯವಾಗಿ ಸಿಗುವುದಿಲ್ಲ ಎಂದು ಆಟ ನಡೆಸುವವರ ಕೈಪಿಡಿಯೇ ಹೇಳುತ್ತದೆ. ಕೊಡಲಿಯನ್ನು ತನ್ನದಾಗಿಸಿಕೊಂಡು, ಬಿಡಲಾಗದೆ ಒದ್ದಾಡುವಾಗಲೇ ಆಟಗಾರನಿಗೆ ಗೊತ್ತಾಗುವುದು. ಆಗ ‘ರಿಮೂವ್ ಕರ್ಸ್’ ಎಂಬ ಇನ್ನೊಂದು ಮಂತ್ರ. ಅದು ಹಿಡಿದವನನ್ನು ಬಿಡಿಸುತ್ತದೆ ಅಷ್ಟೆ. ಕೊಡಲಿಯ ಶಾಪ ಮುಂದಿನವನಿಗಾಗಿ ಕಾದು ಕೂತಿರುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟ ನನಗಿಷ್ಟ. ಬಳ್ಳಾರಿಯಲ್ಲಿ ನಾವು ಕೆಲವರು ಗೆಳೆಯರು ಇದನ್ನು ಕನ್ನಡದಲ್ಲೇ ಆಡುತ್ತೇವೆ. ಪಾಳುಗುಡಿ ಬಂದರೆ ಅದು ಕುರುಗೋಡಿನದು, ಗುಡ್ಡ ಬಂದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯದು. ಊರು ನಮ್ಮದು, ಶಾಪದ ನಿಯಮ ಮಾತ್ರ ಹೊರಗಿನದು. ನನ್ನ ತಕರಾರು ಆ ನಿಯಮದ ಮೇಲೆ.

ಈ ನೆಲದ ಶಾಪ ಬಚ್ಚಿಟ್ಟದ್ದಲ್ಲ. ಕಲ್ಲಿನಲ್ಲಿ ಕೊರೆದು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ್ದು. ಶಾಸನ ಓದುವವರು ಅದನ್ನು ‘ಶಾಪಾಶಯ’ ಎನ್ನುತ್ತಾರೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ದಾನ ಕೆಡಿಸಿದವನಿಗೆ ಮಹಾಪಾತಕದ ಎಚ್ಚರಿಕೆಯಿದೆ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಸಿಂದರು ಕುರುಗೋಡನ್ನು ಆಳುತ್ತಿದ್ದ 12ನೇ ಶತಮಾನದ ಹೊತ್ತಿಗೆ ಇದು ಪಳಗಿದ ಪದ್ಧತಿ. ರಾಜನ ಬಿರುದು, ಕೊಟ್ಟವರು, ತಿಥಿ, ಕೊಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ಶಾಪ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1939ರಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟವನ್ನು ತಿರುವಿ ಹಾಕಿದರೆ ಈ ಕ್ರಮ ಕಣ್ಣಿಗೆ ಕಟ್ಟುತ್ತದೆ.

ಆ ಶಾಪ ಮುಟ್ಟಿದವನಿಗೆ ತಟ್ಟುವುದಿಲ್ಲ, ಕಸಿದವನಿಗೆ ತಟ್ಟುತ್ತದೆ. ತಾನೇ ಕೊಟ್ಟ ಭೂಮಿಯಾದರೂ ಸರಿ, ಕಿತ್ತುಕೊಂಡವನು 60,000 ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಕಾಪಾಡಿದವನಿಗೆ ವಾರಣಾಸಿಯಲ್ಲಿ ಕವಿಲೆ ದಾನ ಮಾಡಿದ ಪುಣ್ಯ. ಕೊಡುವುದಕ್ಕಿಂತ ಕಾಯುವುದೇ ದೊಡ್ಡದು ಎಂಬ ಮಾತೂ ಪಕ್ಕದಲ್ಲಿರುತ್ತದೆ. ಓದು ಬಾರದವರಿಗೂ ತಿಳಿಯಲೆಂದು ಕೊಂಕಣದ ಕಡೆಯ ಕತ್ತೆಶಾಪದ ಕಲ್ಲುಗಳಲ್ಲಿ ಶಾಪವನ್ನು ಚಿತ್ರವಾಗಿಯೇ ಕೆತ್ತಿದ್ದಾರೆ. ಬಚ್ಚಿಟ್ಟ ಶಾಪ ಯಾರನ್ನೂ ತಡೆಯುವುದಿಲ್ಲ, ಬರೀ ಬೀಳಿಸುತ್ತದೆ. ತಡೆಯಬೇಕಾದ ಶಾಪ ಮೊದಲೇ ತಿಳಿದಿರಬೇಕು.

‘ಶಾಪ ಮೊದಲೇ ಗೊತ್ತಾದರೆ ಕುತೂಹಲ ಎಲ್ಲಿ ಉಳಿಯಿತು?’ ಎಂದು ಗೆಳೆಯರು ಕೇಳುತ್ತಾರೆ. ಬಚ್ಚಿಟ್ಟ ಶಾಪದಲ್ಲಿ ಆಟಗಾರ ಆಯ್ಕೆ ಮಾಡುವುದೇನೂ ಇಲ್ಲ. ಹಳ್ಳಕ್ಕೆ ಬೀಳುತ್ತಾನೆ, ಮೇಲೇಳುತ್ತಾನೆ. ಅದರ ಬದಲು ಕೆರೆಯ ದುರಸ್ತಿಗೆಂದು ಬಿಟ್ಟ ಹೊಲದಲ್ಲಿ ಒಂದು ಕಲ್ಲು ನಿಲ್ಲಿಸಿ. ಬರಗಾಲ, ತಂಡದ ಜೋಳಿಗೆ ಖಾಲಿ, ಕಲ್ಲಿನ ಶಾಪವನ್ನು ಎಲ್ಲರೂ ಓದಿದ್ದಾರೆ. ಈಗ ಹೊಲ ಮಾರುತ್ತೀರಾ? ಮೇಜಿನ ಸುತ್ತ ಜಗಳ ಹುಟ್ಟುವುದು ಇಲ್ಲಿ.

ವಸ್ತುವನ್ನು ಗುರುತಿಸುವುದೂ ಒಂದು ನಿಮಿಷದ ಕೆಲಸವಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಅಕ್ಷರ ಸವೆದಿರುತ್ತದೆ, ಸಾಲು ಮುರಿದಿರುತ್ತದೆ. 1963–65ರಲ್ಲಿ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ನವಶಿಲಾಯುಗದ ಮನೆ, ಸಮಾಧಿಗಳ ಜತೆಗೆ ಪುಟ್ಟ ಚಿನ್ನದ ಒಡವೆಗಳೂ ಸಿಕ್ಕವು. ಆ ಚಿನ್ನ ಮಾತಾಡುವುದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂದು ಬರೆದಿಟ್ಟುಕೊಂಡದ್ದರಿಂದ. ಪದರ ತಪ್ಪಿದರೆ ಅದು ತೂಕಕ್ಕೆ ಹಾಕುವ ಲೋಹ ಅಷ್ಟೆ.

‘ಇದು ಬರೀ ಆಟ’ ಎನ್ನುವವರಿಗೆ ಆಟದ ಹೊರಗಿನದನ್ನು ತೋರಿಸುತ್ತೇನೆ. ಕಲ್ಲಿನ ನೆತ್ತಿಯ ಸೂರ್ಯಚಂದ್ರರು ಹೇಳುವುದು ಅವರಿರುವ ತನಕ ಈ ದಾನ ನಡೆಯಲಿ ಎಂದು. ನಿಧಿಯಾಸೆಗೆ ಬಿದ್ದವರು ಅದನ್ನೇ ನಿಧಿಯ ಗುರುತೆಂದು ತಿಳಿದು ಅಮಾವಾಸ್ಯೆ ರಾತ್ರಿ ಕಲ್ಲು ಕೀಳುತ್ತಾರೆ, ನಂದಿಯ ಹೊಟ್ಟೆ ಒಡೆಯುತ್ತಾರೆ. ಶಾಪ ತಟ್ಟದಿರಲೆಂದು ಬಲಿ ಕೊಡುತ್ತಾರೆ. ಕರ್ನಾಟಕದ 2017ರ ವಾಮಾಚಾರ ನಿಷೇಧ ಕಾಯ್ದೆಯ ಪಟ್ಟಿಯಲ್ಲಿ ನಿಧಿಗಾಗಿ ನಡೆಸುವ ಅಮಾನುಷ ಆಚರಣೆ ಸೇರಿರುವುದು ಸುಮ್ಮನೆ ಅಲ್ಲ. ವಸ್ತು ಸಿಕ್ಕವನದು, ಶಾಪಕ್ಕೆ ಪರಿಹಾರವುಂಟು ಎನ್ನುವುದೇ ಅವರ ತರ್ಕ. ನಮ್ಮ ಆಟದ ಪುಸ್ತಕದ ತರ್ಕವೂ ಅದೇ. ಆಟ ಆಡಿದವರು ಕಳ್ಳರಾಗುತ್ತಾರೆಂದು ನಾನು ಹೇಳುತ್ತಿಲ್ಲ. ಹಳೆಯ ವಸ್ತು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆಟವೂ ಕಲಿಸುತ್ತದೆ ಎನ್ನುತ್ತಿದ್ದೇನೆ. ‘ಇದರಿಂದ ನನಗೇನು ಲಾಭ’ ಎಂಬುದು ಒಂದು ಪ್ರಶ್ನೆ, ‘ಇದು ಯಾರಿಗೆಂದು ಇಟ್ಟದ್ದು’ ಎಂಬುದು ಇನ್ನೊಂದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಈ ಶಾಪಗಳು ಕಾಯ್ದದ್ದು ಬಹಳಷ್ಟು ಅಗ್ರಹಾರ, ಗುಡಿಗಳ ಆಸ್ತಿಯನ್ನಲ್ಲವೇ? ನಿಜ. ಆ ಹೊಲ ಉತ್ತವರ ಹೆಸರು ಕಲ್ಲಿನಲ್ಲಿ ಸಿಗುವುದು ಅಪರೂಪ. ಆದರೆ ಶಾಪವನ್ನು ಬಹಿರಂಗವಾಗಿ ಬರೆದದ್ದರಿಂದಲೇ ಯಾರ ಆಸ್ತಿಗೆ ಕಾವಲಿತ್ತು, ಯಾರಿಗೆ ಇರಲಿಲ್ಲ ಎಂದು ಇವತ್ತು ಕೇಳಲು ಸಾಧ್ಯವಾಗಿದೆ. ಶಾಪದ ಬೆರಳು ಮುಂದೆ ಬರುವ ಅರಸರ ಕಡೆಗೂ ಚಾಚಿತ್ತು ಎಂಬುದನ್ನು ಮರೆಯಬಾರದು. ಕಾನೂನಿನ ಕೈ ನಿಲುಕದ ಕಡೆ ಹಾಕಿದ ಷರತ್ತು ಅದು.

ಆದ್ದರಿಂದ ಕನ್ನಡದಲ್ಲಿ ಆಡುವವರಿಗೆ ನನ್ನ ಒತ್ತಾಯ ಇಷ್ಟು. ಶಾಪವನ್ನು ವಸ್ತುವಿನ ಮೇಲೇ ಬರೆಯಿರಿ. ಅದನ್ನು ಓದಲು ಮುತ್ತು ಕೇಳಬೇಡಿ. ಹಳಗನ್ನಡ ಬಲ್ಲ ಪಾತ್ರವನ್ನೋ ಊರ ಹಿರಿಯರನ್ನೋ ಕೇಳುವಂತೆ ಮಾಡಿ. ಪರಿಹಾರಕ್ಕೆ ಮಂತ್ರ ಕೊಡಬೇಡಿ. ಕಸಿದದ್ದನ್ನು ಸಲ್ಲಬೇಕಾದವರಿಗೆ ಹಿಂದಿರುಗಿಸಲಿ, ಕೆರೆ ಒಡೆದಿದ್ದರೆ ಕಟ್ಟಲಿ, ಶಾಪ ಅಲ್ಲಿಗೆ ಮುಗಿಯಲಿ.